ಕರೆಂಟು ಹೋಗಿದೆ ಎಂದುಕೊಂಡು ಆ ಪೆಟ್ಟಿಗೆಯೊಳಗೆ ಕೈ ಹಾಕಬೇಡಿ

ಕಳೆದ ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ನನ್ನ ಭಾವನವರಿಗೆ ಶಾಕ್ ಹೊಡೆಯಿತು. ಗಾಳಿಯ ದೂಳು ಹಿಡಿಯುವ ಎಲೆಕ್ಟ್ರಾನಿಕ್ ಏರ್ ಕ್ಲೀನರಿನೊಳಗೆ ಅವರು ಕೈ ಹಾಕಿದಾಗ ಊರಿಗೇ ಕರೆಂಟು ಇರಲಿಲ್ಲ. ಕೈ ಒಳಗಿದ್ದಾಗಲೇ ಕರೆಂಟು ಬಂತು. ‘ಫಟ್’ ಎಂದು ಒಂದು ಸದ್ದು. ಅವರ ಕೈ ಹಿಂದಕ್ಕೆ ಚಿಮ್ಮಿ ಮೊಣಕೈ ಬಾಗಿಲ ದಾರಂದಕ್ಕೆ ಬಡಿಯಿತು. ಒಳಗಿನ ಅಲ್ಯೂಮಿನಿಯಂ ತಗಡಿನ ಅಂಚು ಎರಡು ಬೆರಳನ್ನು ಸೀಳಿತು. ನನ್ನ ಮಡದಿ ಓಡಿ ಗೋಡೆಯ ಸ್ವಿಚ್ ಆರಿಸಿದಳು. ಐದು ಹೊಲಿಗೆ, ತೋರುಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಸುಟ್ಟ ಗುರುತು, ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಸಂಜೆಯವರೆಗೆ ಮಲಗಿಸಿಕೊಂಡರು. ಹೃದಯಕ್ಕೆ ಏನೂ ಆಗಿರಲಿಲ್ಲ. ಆ ನಾಲ್ಕು ಗಂಟೆ ನಾನು ಆಸ್ಪತ್ರೆಯ ವರಾಂಡದಲ್ಲಿ ಕುಳಿತಿದ್ದುದನ್ನು ಮರೆಯಲಾರೆ. ಮನೆಗೆ ಊಟಕ್ಕೆಂದು ಬಂದವರು ಅವರು. ಕೈ ಹಾಕಲು ಹೇಳಿದವನು ನಾನು.

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ, ಉಪ್ಪಳದ ಕಡೆ ಇಂತಹ ಯಂತ್ರ ಇರುವ ಮನೆಗಳು ಇನ್ನೂ ಇವೆ ಎಂದು ನನಗೆ ಗೊತ್ತಿದೆ. ಹೆಚ್ಚಿನವು ಗಲ್ಫಿನಿಂದ ಬಂದವು. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ತಾಯಿಗೆ ಉಬ್ಬಸ. ನಮ್ಮದು ಅಡಿಕೆಯ ಮನೆ. ಸುಲಿಯುವ ಕಾಲದಲ್ಲಿ ಸಿಪ್ಪೆಯ ನವಿರಾದ ದೂಳು ಚಾವಡಿಯಿಂದ ಮಲಗುವ ಕೋಣೆಯವರೆಗೆ ಬರುತ್ತದೆ. ಬೇಸಿಗೆಯಲ್ಲಿ ಕೆಂಪು ಮುರಕಲ್ಲಿನ ದೂಳು ಬೇರೆ. ಶಾರ್ಜಾದಲ್ಲಿರುವ ತಮ್ಮ ಮೂರು ವರ್ಷದ ಹಿಂದೆ ಊರಿಗೆ ಬರುವಾಗ ಅಲ್ಲಿ ತಾನು ಬಳಸುತ್ತಿದ್ದ ಯಂತ್ರವನ್ನೇ ಅಮ್ಮನಿಗೆಂದು ತಂದುಕೊಟ್ಟ. ಲೋಹದ ಕವಚ, ಮುಂದೆ ಒಂದು ಬಾಗಿಲು, ಇಂಗ್ಲಿಷ್ ಮತ್ತು ಅರಬಿಯಲ್ಲಿ ಒಂದು ಕೈಪಿಡಿ. ಯಂತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೊದಲ ವರ್ಷ ತಾಯಿ ರಾತ್ರಿ ಎದ್ದು ಕೂರುವುದು ಕಡಿಮೆಯಾಗಿತ್ತು. ತಿಂಗಳಿಗೊಮ್ಮೆ ತಗಡಿನ ಗೂಡನ್ನು ಹೊರತೆಗೆದು ತೊಳೆದರೆ ನೀರು ಕಾಫಿಯ ಬಣ್ಣಕ್ಕೆ ತಿರುಗುತ್ತಿತ್ತು. ಅಷ್ಟು ದೂಳು ಅವರ ಎದೆಗೆ ಹೋಗುವುದು ತಪ್ಪಿತಲ್ಲ ಎಂದು ನನಗೆ ಸಮಾಧಾನವಾಗುತ್ತಿತ್ತು.

ಈಗ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಮಡಿಕೆ ಮಡಿಕೆಯಾದ ಕಾಗದದಂತಹ ಫಿಲ್ಟರ್ ಇರುವ ಯಂತ್ರ. ನಾನು ಹೇಳುತ್ತಿರುವುದು ಅದರ ಬಗ್ಗೆ ಅಲ್ಲ. ಬಾಗಿಲು ತೆರೆದಾಗ ಒತ್ತೊತ್ತಾಗಿ ನಿಲ್ಲಿಸಿದ ಅಲ್ಯೂಮಿನಿಯಂ ತಗಡುಗಳೂ ಅವುಗಳ ಮುಂದೆ ಕೂದಲೆಳೆಯಂತಹ ತಂತಿಗಳೂ ಕಂಡರೆ ಅದು ಈ ಜಾತಿಯದು. ಆ ತಂತಿಗಳಿಗೆ ಆರರಿಂದ ಎಂಟು ಸಾವಿರ ವೋಲ್ಟ್ ಹೋಗುತ್ತದೆ. ಗಾಳಿಯ ಜೊತೆ ಬರುವ ದೂಳಿನ ಕಣ ಅಲ್ಲಿ ವಿದ್ಯುದಾವೇಶ ಪಡೆದು, ಹಿಂದಿನ ತಗಡುಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಆ ತಗಡುಗಳಲ್ಲಿಯೂ ಒಂದು ಬಿಟ್ಟು ಒಂದಕ್ಕೆ ಸಾವಿರಾರು ವೋಲ್ಟ್ ಇರುತ್ತದೆ. ಉಷ್ಣ ವಿದ್ಯುತ್ ಸ್ಥಾವರಗಳ ಹೊಗೆಯಿಂದ ಹಾರುಬೂದಿ ಹಿಡಿಯುವುದೂ ಇದೇ ತತ್ವದಿಂದ; ಅಮೆರಿಕದ ಫ್ರೆಡರಿಕ್ ಕಾಟ್ರೆಲ್ ಇದಕ್ಕೆ 1908ರಲ್ಲಿ ಪೇಟೆಂಟ್ ಪಡೆದ. ಮನೆಯ ಗೋಡೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟ್. ಮಲಗುವ ಕೋಣೆಯ ಮೂಲೆಯಲ್ಲಿದ್ದ ಈ ಪೆಟ್ಟಿಗೆಯೊಳಗೆ ಅದರ ಮೂವತ್ತು ಪಟ್ಟು ಇತ್ತು. ಅದನ್ನು ನಾನು ಮಿಕ್ಸಿಯಂತೆ ನೋಡಿಕೊಂಡಿದ್ದೆ.

ತಪ್ಪುಗಳು ಒಂದರ ಹಿಂದೆ ಒಂದಾಗಿ ಬಂದವು. ಮೊದಲನೆಯದು ನನ್ನದೇ. ಜಡಿಮಳೆಯ ಒಂದು ಸಂಜೆ ಗೂಡನ್ನು ತೊಳೆದು, ಬೇಗ ಒಣಗಲಿ ಎಂದು ಸೌದೆ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಬೆಳಿಗ್ಗೆ ಮುಟ್ಟಿ ನೋಡಿದರೆ ತಗಡು ಒಣಗಿತ್ತು. ಒಳಗಿಟ್ಟು ಚಾಲೂ ಮಾಡಿದೆ. ‘ಚಟ್ ಚಟ್’ ಎಂದು ಸಿಡಿಯುವ ಸದ್ದು ಶುರುವಾಯಿತು, ಜೊತೆಗೆ ಮೂಗು ಚುಚ್ಚುವ ಒಂದು ವಾಸನೆ. ದೂಳು ಸಿಡಿಯುತ್ತಿದೆ, ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದೇ ನಾನು ತಿಳಿದೆ.

ತಾಯಿ ಮರುದಿನ ಹೇಳಿದರು, “ಸಿಡಿಲು ಹೊಡೆದ ಮೇಲೆ ಅಂಗಳದಲ್ಲಿ ಬರುವ ವಾಸನೆ ಇದು.” ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ರಾತ್ರಿ ಅವರು ಕೆಮ್ಮಿದರು. ನಾಲ್ಕನೆಯ ರಾತ್ರಿ ತಾವಾಗಿಯೇ ಚಾಪೆ ತೆಗೆದುಕೊಂಡು ಪಡಸಾಲೆಗೆ ಹೋಗಿ ಮಲಗಿದರು, ಕೆಮ್ಮು ಇಳಿಯಿತು.

ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಸಿಡಿಲು ಹೊಡೆದಾಗ ಆಗುವುದೂ ಈ ಯಂತ್ರದಲ್ಲಿ ಕಿಡಿ ಹಾರಿದಾಗ ಆಗುವುದೂ ಒಂದೇ: ಓಝೋನ್. ಸರಿಯಾಗಿ ನಡೆಯುವ ಯಂತ್ರದಲ್ಲಿಯೂ ಅದು ತುಸು ಹುಟ್ಟುತ್ತದೆ. ಕಿಡಿ ಹಾರತೊಡಗಿದರೆ ಹೆಚ್ಚುತ್ತದೆ. ಎತ್ತರದ ಆಕಾಶದಲ್ಲಿ ಸೂರ್ಯನ ನೇರಳಾತೀತ ಕಿರಣವನ್ನು ತಡೆಯುವ ಅದೇ ಅನಿಲ ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸನಾಳವನ್ನು ಕೆರಳಿಸುತ್ತದೆ, ಉಬ್ಬಸ ಇದ್ದವರಿಗಂತೂ ವೈರಿ. ಕ್ಯಾಲಿಫೋರ್ನಿಯಾದಲ್ಲಿ ಮಾರುವ ಮನೆಬಳಕೆಯ ಏರ್ ಕ್ಲೀನರುಗಳು ನೂರು ಕೋಟಿ ಭಾಗ ಗಾಳಿಗೆ 50 ಭಾಗಕ್ಕಿಂತ ಹೆಚ್ಚು ಓಝೋನ್ ಹೊರಬಿಡಬಾರದು ಎಂಬ ನಿಯಮವಿದೆ. ‘ಓಝೋನ್ ಬಿಟ್ಟು ಗಾಳಿ ಶುದ್ಧ ಮಾಡುತ್ತದೆ’ ಎಂದೇ ಹೊಗಳಿ ಮಾರುವ ಪೆಟ್ಟಿಗೆಗಳೂ ಇವೆ. ಮನುಷ್ಯರು ಮಲಗುವ ಕೋಣೆಗೆ ಅವನ್ನು ದಯವಿಟ್ಟು ತರಬೇಡಿ.

ಎರಡು ದಿನದ ಬಳಿಕ, ಯಂತ್ರ ನಡೆಯುತ್ತಿದೆ ಎಂದು ತೋರಿಸುವ ದೀಪವೇ ಆರಿತು. ಪೇಟೆಯಿಂದ ಒಬ್ಬರು ರಿಪೇರಿಯವರನ್ನು ಕರೆಸಿದೆ. ಟಿವಿ, ಮಿಕ್ಸಿ ಸರಿಮಾಡುವವರು. ಬಾಗಿಲಿನ ಅಂಚಿನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಬಾಗಿಲು ಮುಚ್ಚಿದಾಗ ಅದು ಒತ್ತಿಕೊಂಡು ಯಂತ್ರ ನಡೆಯುತ್ತದೆ, ತೆರೆದ ಕೂಡಲೇ ಬಿಟ್ಟುಕೊಂಡು ಕರೆಂಟು ಕಡಿಯುತ್ತದೆ. ಅದು ಸವೆದಿತ್ತು. “ಇದು ಇಲ್ಲಿ ಸಿಗುವುದಿಲ್ಲ ಮಾಷ್ಟ್ರೇ, ಸದ್ಯಕ್ಕೆ ಹೀಗೆ ನಡೆಯಲಿ” ಎಂದು ಅವರು ಒಂದು ಚೂರು ರಟ್ಟನ್ನು ಮಡಚಿ ಸ್ವಿಚ್ಚಿಗೆ ಬಿಗಿದು ಮೇಲೆ ಟೇಪು ಸುತ್ತಿದರು. ದೀಪ ಉರಿಯಿತು. ನಾನು ಹಣ ಕೊಟ್ಟು, ಚಹಾ ಕೊಟ್ಟು ಕಳುಹಿಸಿದೆ.

ಆ ರಟ್ಟಿನ ಚೂರಿನ ಅರ್ಥ ಏನೆಂದು ನನಗೆ ಆಗ ಹೊಳೆಯಲಿಲ್ಲ. ಎರಡು ವರ್ಷಗಳಿಂದ ನನ್ನ ಅಭ್ಯಾಸ ಒಂದೇ: ಬಾಗಿಲು ತೆರೆಯುವುದು, ಯಂತ್ರ ತಾನಾಗಿ ಆರುವುದು, ಗೂಡನ್ನು ಎಳೆಯುವುದು. ಪ್ಲಗ್ ಕಿತ್ತವನೇ ಅಲ್ಲ. ವಾರದ ಬಳಿಕ ಮತ್ತೆ ಸಿಡಿಯುವ ಸದ್ದು ಕೇಳಿದಾಗ ಭಾವನವರು ಬಂದಿದ್ದರು. ಗಾಳಿಮಳೆಗೆ ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. “ಹೇಗೂ ಕರೆಂಟಿಲ್ಲ, ಈಗಲೇ ತೆಗೆದುಬಿಡಿ ಭಾವ, ತೊಳೆಯುತ್ತೇನೆ” ಎಂದೆ. ಆಮೇಲೆ ನಡೆದದ್ದನ್ನು ಮೇಲೆ ಬರೆದಿದ್ದೇನೆ.

ಅಪಘಾತದ ಮರುವಾರ, ಮಂಗಳೂರಿನಲ್ಲಿ ಇಂತಹ ಉಪಕರಣಗಳ ಕೆಲಸವನ್ನೇ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಏಳನೆಯ ತರಗತಿಯಲ್ಲಿ ನಾನು ಅವನಿಗೆ ವಿಜ್ಞಾನ ಹೇಳಿಕೊಟ್ಟಿದ್ದೆ. ಆ ದಿನ ಮೂರು ಗಂಟೆ ಅವನು ನನಗೆ ಹೇಳಿಕೊಟ್ಟ.

ನಾನು ಮೊದಲು ಕೇಳಿದ್ದು, ಮನೆಯ ಇಎಲ್‌ಸಿಬಿ, ಎಂದರೆ ಕರೆಂಟು ಸೋರಿದರೆ ತಾನಾಗಿ ಬಿದ್ದು ಲೈನು ಕಡಿಯುವ ಸ್ವಿಚ್, ಯಾಕೆ ಬೀಳಲಿಲ್ಲ ಎಂದು. ನಮ್ಮಲ್ಲಿ ಎಲ್ಲರಿಗೂ ಅದರ ಮೇಲೆ ಬಲವಾದ ನಂಬಿಕೆ. ಅದು ನೋಡುವುದು ಮನೆಯ ಲೈನಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ಹಿಂದೆ ಬಂತೇ ಎಂಬುದನ್ನು ಮಾತ್ರ. ಈ ಯಂತ್ರದ ಸಾವಿರಾರು ವೋಲ್ಟ್ ಹುಟ್ಟುವುದು ಒಳಗಿನ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ. ತಂತಿಯಿಂದ ಕೈಗೆ, ಕೈಯಿಂದ ಕವಚಕ್ಕೆ, ಅಲ್ಲಿಂದ ಮತ್ತೆ ಟ್ರಾನ್ಸ್‌ಫಾರ್ಮರಿಗೆ ಅದು ಒಳಗೊಳಗೇ ಸುತ್ತುತ್ತದೆ. ಈಚೆ ಬದಿಯಲ್ಲಿರುವ ಇಎಲ್‌ಸಿಬಿಗೆ ಲೆಕ್ಕ ತಪ್ಪಿದ್ದೇ ತಿಳಿಯುವುದಿಲ್ಲ. ಅದು ಮನೆಯಲ್ಲಿ ಇರಲೇಬೇಕು, ಆದರೆ ಈ ಪೆಟ್ಟಿಗೆಯೊಳಗೆ ಕೈ ಹಾಕಿದವನನ್ನು ಅದು ಕಾಯುವುದಿಲ್ಲ.

ಎರಡನೆಯದಾಗಿ ಅವನು ತೋರಿಸಿದ್ದು ಇನ್ನೂ ಭಯ ಹುಟ್ಟಿಸಿತು. ವಿದ್ಯುತ್ ಮಂಡಲದಲ್ಲಿ ಕಂಡೆನ್ಸರುಗಳಿವೆ. ಪ್ಲಗ್ ಕಿತ್ತ ಮೇಲೂ ಅವು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಮೆಲ್ಲಗೆ ಇಳಿಸಲೆಂದೇ ಒಂದು ರೆಸಿಸ್ಟರ್ ಹಾಕಿರುತ್ತಾರೆ. ನಮ್ಮದರಲ್ಲಿ ಅದು ಸುಟ್ಟು ಕಡಿದುಹೋಗಿತ್ತು. ಎಂದರೆ ಆ ದಿನ ನಾನು ಪ್ಲಗ್ ಕಿತ್ತಿದ್ದರೂ, ಯಂತ್ರ ಸ್ವಲ್ಪ ಮೊದಲು ನಡೆಯುತ್ತಿದ್ದಿದ್ದರೆ ಭಾವನವರಿಗೆ ಹೊಡೆಯಬಹುದಿತ್ತು. ಅವನು ಪ್ಲಗ್ ಕಿತ್ತು, ಕೈಪಿಡಿ ನೋಡಿ, ಅದರಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಕಾದ. ಬಳಿಕ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಒಂದೇ ಕೈಯಿಂದ, ಉದ್ದದ ಇನ್ಸುಲೇಷನ್ ಹಿಡಿಯ ಉಪಕರಣದಿಂದ ಒಳಗಿನ ಸಂಪರ್ಕವನ್ನು ಕವಚಕ್ಕೆ ತಾಗಿಸಿದ. ಸ್ವಲ್ಪ ತಡೆದು ಇನ್ನೊಮ್ಮೆ ತಾಗಿಸಿದ, ಏಕೆಂದರೆ ಒಮ್ಮೆ ಇಳಿಸಿದ ಕಂಡೆನ್ಸರಿನಲ್ಲಿ ತುಸು ವಿದ್ಯುತ್ತು ಮತ್ತೆ ತಲೆಯೆತ್ತುತ್ತದೆ. ಇದು ಕಲಿತವರ ಕೆಲಸ. ಪರೀಕ್ಷೆ ಮಾಡುತ್ತೇನೆ ಎಂದು ವೋಲ್ಟ್ ಅಳೆಯುವ ಸಾಧಾರಣ ಕೈ ಮೀಟರಿನ ಕಡ್ಡಿಯನ್ನು ಅಲ್ಲಿಗೆ ತಾಗಿಸುವುದಂತೂ ಬೇಡ. ಅಂತಹ ಮೀಟರುಗಳು ಹೆಚ್ಚೆಂದರೆ ಸಾವಿರ ವೋಲ್ಟಿಗೆ ಮಾಡಿದವು. ಎಂಟು ಸಾವಿರ ಬಂದರೆ ಅದು ಮೀಟರನ್ನು ದಾಟಿ ಹಿಡಿದ ಕೈಗೆ ಬರುತ್ತದೆ.

ಮೂರನೆಯದು ಪ್ಲಗ್. ಗಲ್ಫಿನ ಪ್ಲಗ್ಗಿಗೆ ಚಪ್ಪಟೆಯ ದಪ್ಪ ಮೂರು ಕಾಲು. ನಮ್ಮ ಸಾಕೆಟ್ಟಿಗೆ ಅದು ಹೊಂದುವುದಿಲ್ಲ. ನಾವೆಲ್ಲ ಮಾಡುವಂತೆ ನಾನೂ ಪೇಟೆಯಿಂದ ಒಂದು ಅಡಾಪ್ಟರ್ ತಂದು ಸಿಕ್ಕಿಸಿದ್ದೆ. ಅದರ ಹಿಂದೆ ಇದ್ದದ್ದು ಎರಡೇ ಕಡ್ಡಿ. ಮೂರನೆಯದಾದ ಅರ್ಥಿಂಗ್ ಅಲ್ಲಿಯೇ ಕಡಿದುಹೋಗಿತ್ತು. ಲೋಹದ ಕವಚವುಳ್ಳ, ಒಳಗೆ ಸಾವಿರಾರು ವೋಲ್ಟ್ ಇರುವ ಯಂತ್ರ ಅಷ್ಟು ಕಾಲವೂ ಭೂಮಿಗೆ ಸಂಪರ್ಕವಿಲ್ಲದೆ ತಾಯಿಯ ಮಂಚದ ಪಕ್ಕದಲ್ಲಿತ್ತು. ನಮ್ಮ ಜಿಲ್ಲೆಯಲ್ಲಿ ಗಲ್ಫಿನಿಂದ ಬಂದ ಇಸ್ತ್ರಿಪೆಟ್ಟಿಗೆ, ಕೆಟಲ್, ಓವನ್ ಎಷ್ಟು ಮನೆಗಳಲ್ಲಿ ಈ ಎರಡು ಕಡ್ಡಿಯ ಅಡಾಪ್ಟರಿನಲ್ಲಿ ನಿಂತಿವೆಯೋ! ಇದನ್ನು ಓದಿದ ಕೂಡಲೇ ಹೋಗಿ ನಿಮ್ಮದನ್ನು ತಿರುಗಿಸಿ ನೋಡಿ. ಎಲೆಕ್ಟ್ರಿಷಿಯನ್ನರಿಂದ ಪ್ಲಗ್ಗನ್ನೇ ಬದಲಿಸಿಕೊಂಡರೆ ಮುಗಿಯಿತು.

ದೋಷ ಎಲ್ಲಿದೆ ಎಂದು ಅವನು ಹುಡುಕಿದ ರೀತಿ ಸರಳವಾಗಿತ್ತು. ಗೂಡನ್ನು ಹೊರಗಿಟ್ಟು, ಬಾಗಿಲು ಮುಚ್ಚಿ ಯಂತ್ರ ಚಾಲೂ ಮಾಡಿದ. ದೀಪ ಸರಿಯಾಗಿ ಉರಿಯಿತು, ಸದ್ದಿಲ್ಲ. ಹಾಗಾದರೆ ಸಿಡಿತದ ಮೂಲ ಗೂಡಿನಲ್ಲಿಯೇ ಇದೆ ಎಂದ. ದೀಪ ಉರಿಯದಿದ್ದರೆ ವಿದ್ಯುತ್ ಭಾಗ ಕೆಟ್ಟಿದೆ ಎಂದು ಅರ್ಥ. ಅಲ್ಲಿಂದ ಮುಂದೆ ಮನೆಯವರು ಮುಟ್ಟಬಾರದು. ಗೂಡನ್ನು ಬೆಳಕಿಗೆ ಹಿಡಿದಾಗ ಮೂರು ಸಂಗತಿ ಕಂಡವು. ಒಂದು ತಂತಿ ತುಂಡಾಗಿ ಸುರುಳಿ ಸುತ್ತಿ ತಗಡಿಗೆ ತಾಗಿತ್ತು. ಎರಡು ತಗಡುಗಳ ನಡುವೆ ಅಡಿಕೆ ಸಿಪ್ಪೆಯ ಒಂದು ನಾರು ಸೇತುವೆಯಂತೆ ಅಡ್ಡ ಬಿದ್ದಿತ್ತು. ತಗಡುಗಳನ್ನು ಹಿಡಿದ ಬಿಳಿಯ ಇನ್ಸುಲೇಟರುಗಳ ಮೇಲೆ ಕಪ್ಪು ಪೊರೆ ಕಟ್ಟಿತ್ತು, ಅದು ನಮ್ಮ ಒಲೆಯ ಮಸಿ. ಮಸಿ ಎಂದರೆ ಇಂಗಾಲ, ಅದರ ಮೇಲೆ ವಿದ್ಯುತ್ತು ಹರಿಯುತ್ತದೆ. ಒಣಗಿಸಲು ನಾನು ಆರಿಸಿಕೊಂಡ ಜಾಗವೇ ಸರಿಯಿರಲಿಲ್ಲ.

ತೊಳೆಯುವುದರ ಬಗ್ಗೆ ಅವನು ಹೇಳಿದ್ದನ್ನು ನಾನೀಗ ತಪ್ಪದೆ ಪಾಲಿಸುತ್ತೇನೆ. ದಪ್ಪ ರಬ್ಬರ್ ಕೈಗವಸು ಹಾಕಿಕೊಳ್ಳಬೇಕು, ತಗಡಿನ ಅಂಚು ಬ್ಲೇಡಿನಂತೆ. ಬಿಸಿನೀರು, ಮೆದು ಸಾಬೂನು ಸಾಕು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಜಿಡ್ಡು ಹೋಗಲಿ ಎಂದು ಸೀಮೆಎಣ್ಣೆಯಿಂದಲೋ ಪೆಟ್ರೋಲಿನಿಂದಲೋ ಒರೆಸಲು ನನಗೆ ಸಲಹೆ ಕೊಟ್ಟವರಿದ್ದರು. ಕಿಡಿ ಹಾರುವ ಯಂತ್ರದೊಳಗೆ ಅದರ ಆವಿ ಉಳಿದರೆ ಮನೆಗೆ ಬೆಂಕಿ. ಸಾಬೂನು ಉಳಿಯದಂತೆ ಎರಡು ಮೂರು ಬಾರಿ ಒಳ್ಳೆಯ ನೀರು ಹೊಯ್ಯಬೇಕು. ನೀರು ಉಳಿಯುವುದು ಇನ್ಸುಲೇಟರಿನ ಸಂದಿಯಲ್ಲಿ, ಕೈಗೆ ಸಿಗುವ ತಗಡಿನ ಮೇಲಲ್ಲ. ಬೇಸಿಗೆಯ ಬಿಸಿಲಿನಲ್ಲಿ ಅರ್ಧ ದಿನ ಸಾಕಾದೀತು. ನಮ್ಮ ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಒಂದು ಹಗಲು, ಒಂದು ರಾತ್ರಿ ಪೂರ್ತಿ ಬೇಕು. ಆತುರವಿದ್ದರೆ ಆ ದಿನ ಯಂತ್ರ ನಡೆಸದಿರುವುದೇ ಲೇಸು.

ಇನ್ನೊಂದು ಮಾತನ್ನು ನಮ್ಮ ಸೀಮೆಯವರಿಗೆ ಹೇಳಲೇಬೇಕು. ಎಣ್ಮಕಜೆ, ಪಡ್ರೆಯ ಕಡೆಯವರಿಗೆ ಗಾಳಿ ಎಂದರೆ ಬರೀ ಗಾಳಿಯಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ವರ್ಷಗಳನ್ನು ಕಂಡವರು ನಾವು. 2000ದ ಬಳಿಕ ಆ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅದನ್ನು ನಿಷೇಧಿಸಿತು. ಮನಸ್ಸಿನ ಅಂಜಿಕೆ ಮಾತ್ರ ಉಳಿದಿದೆ. ಆ ಅಂಜಿಕೆಯಿಂದಲೇ ‘ವಿಷವನ್ನೂ ಎಳೆದುಕೊಳ್ಳುತ್ತದೆ’ ಎಂಬ ಮಾತು ನಂಬಿ ಇಂತಹ ಯಂತ್ರ ಕೊಂಡವರನ್ನು ನಾನು ಬಲ್ಲೆ. ತಗಡಿನ ಈ ಯಂತ್ರ ಹಿಡಿಯುವುದು ದೂಳು, ಹೊಗೆಯ ಕಣ, ಪರಾಗ. ಅನಿಲ, ಕೀಟನಾಶಕದ ಆವಿ ಅದರ ಮೂಲಕ ಹಾಗೆಯೇ ದಾಟಿ ಹೋಗುತ್ತದೆ. ನೆರೆಯ ತೋಟದಲ್ಲಿ ಮದ್ದು ಬಿಡುವ ದಿನ ಮಕ್ಕಳನ್ನೂ ವೃದ್ಧರನ್ನೂ ಬೇರೆ ಕಡೆಗೆ ಕಳುಹಿಸಿ, ಯಂತ್ರವನ್ನು ನಂಬಿ ಕೋಣೆಯಲ್ಲಿ ಕೂರಿಸಬೇಡಿ.

ನಮ್ಮ ಯಂತ್ರಕ್ಕೆ ಹೊಸ ಬಾಗಿಲ ಸ್ವಿಚ್, ಹೊಸ ರೆಸಿಸ್ಟರ್, ಹೊಸ ತಂತಿಗಳು ಬಂದಿವೆ. ಸ್ವಿಚ್ ತರಿಸಲು ಹಿಡಿದದ್ದು ಹನ್ನೊಂದು ದಿನ. ಅಷ್ಟು ದಿನ ಕಾಯಲಾರದೆ ನಾನು ರಟ್ಟಿನ ಚೂರಿಗೆ ಒಪ್ಪಿಕೊಂಡಿದ್ದೆ. ಅಡಿಕೆ ಸುಲಿಯುವುದನ್ನು ಮನೆಯ ಚಾವಡಿಯಿಂದ ತೋಟದ ಕೊಟ್ಟಿಗೆಗೆ ಸಾಗಿಸಿದೆವು. ನಿಜ ಹೇಳಬೇಕೆಂದರೆ ತಾಯಿಯ ಉಸಿರಿಗೆ ಹೆಚ್ಚು ಅನುಕೂಲ ಮಾಡಿದ್ದು ಅದೇ. ಈಗ ಗೂಡು ತೆಗೆಯುವ ಮುನ್ನ ಪ್ಲಗ್ಗನ್ನು ಕಿತ್ತು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಡುತ್ತೇನೆ, ಗಡಿಯಾರ ನೋಡಿ ಕಾಯುತ್ತೇನೆ.

ಭಾವನವರ ಬೆರಳು ವಾಸಿಯಾಗಿದೆ, ತೋರುಬೆರಳ ತುದಿ ಮಾತ್ರ ಇನ್ನೂ ಜೋಮು ಹಿಡಿದಂತೆ ಇದೆ ಎನ್ನುತ್ತಾರೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಗೋಡೆಯಲ್ಲಿ, ಮಗ ದುಬೈಯಿಂದ ತಂದ ಕೆಟಲಿನ ಹಿಂದೆ, ಅಂತಹದೇ ಎರಡು ಕಡ್ಡಿಯ ಅಡಾಪ್ಟರ್ ಇತ್ತು. ಅವರನ್ನು ಕೇಳಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬಂದೆ. ನಾಳೆ ಎಲೆಕ್ಟ್ರಿಷಿಯನ್ ಅಲ್ಲಿಗೆ ಹೋಗುತ್ತಾರೆ.