ಕೊಡಗಿನ ವಕೀಲರ ಕಚೇರಿಗೆ ಕೇಸ್ ಸಾಫ್ಟ್‌ವೇರ್: ಡೆಮೋದಲ್ಲೇ ಪರೀಕ್ಷಿಸಬೇಕಾದದ್ದು

ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಮುನ್ನ ಉಚಿತವಾಗಿ ಸಿಗುವ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಅನ್ನು ಪೂರ್ತಿ ಬಳಸಿ ನೋಡಿ. ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ (ಕೋರ್ಟಿನ ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ‘ಮೈ ಕೇಸಸ್’ಗೆ ಸೇರಿಸಿದರೆ ಮುಂದಿನ ತಾರೀಖು, ಕೇಸ್ ಯಾವ ಹಂತದಲ್ಲಿದೆ, ಹಿಂದಿನ ಹಿಯರಿಂಗ್‌ನಲ್ಲಿ ಏನಾಯಿತು, ಎಲ್ಲವೂ ಸಿಗುತ್ತದೆ. ಒಬ್ಬರೇ ಪ್ರಾಕ್ಟೀಸ್ ಮಾಡುವವರಿಗೆ ಇದು ಧಾರಾಳವಾಗಿ ಸಾಕು. ಆದರೆ ಆ ಪಟ್ಟಿ ಉಳಿಯುವುದು ಫೋನಿನಲ್ಲೇ. ಫೋನ್ ಕೆಟ್ಟರೆ ಪಟ್ಟಿಯೂ ಹೋಗುತ್ತದೆ. ಆಗಾಗ ಎಕ್ಸ್‌ಪೋರ್ಟ್ ಮಾಡಿ ಫೈಲನ್ನು ಬೇರೆ ಕಡೆ ಇಟ್ಟುಕೊಳ್ಳಲೇಬೇಕು.

ಒಂದೇ ಬೆಳಿಗ್ಗೆ ಒಬ್ಬರು ಮಡಿಕೇರಿ, ಜೂನಿಯರ್ ವಿರಾಜಪೇಟೆ, ಇನ್ನೊಬ್ಬರು ಸೋಮವಾರಪೇಟೆ ಕೋರ್ಟಿನಲ್ಲಿ ಇರಬೇಕಾದ ಕಚೇರಿಗೆ ಮಾತ್ರ ಹಂಚಿಕೊಳ್ಳುವ ಡೈರಿ ಬೇಕಾಗುತ್ತದೆ. ಅಲ್ಲಿ ಮಾರುವವರು ಮೊದಲು ತೋರಿಸುವುದು ‘ತಾರೀಖು ತಾನಾಗಿ ಬರುತ್ತದೆ’ ಎಂಬುದನ್ನು. ಅದಕ್ಕೆ ಮರುಳಾಗಬೇಡಿ. ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ), ತಹಶೀಲ್ದಾರ್ ಮುಂದಿರುವ ಕೇಸುಗಳಿಗೆ ಸಿಎನ್‌ಆರ್ ಇರುವುದಿಲ್ಲ. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ ಜಮೀನು), ಆರ್‌ಟಿಸಿ ತಿದ್ದುಪಡಿ, 1964ರ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನ ಮೇಲ್ಮನವಿ, ಇವೆಲ್ಲ ಕೈಯಾರೆ ತುಂಬಬೇಕಾದವು. ಡೆಮೋದಲ್ಲಿ ಇಂಥ ಒಂದು ಕೇಸನ್ನೇ ಸೇರಿಸಿ ನೋಡಿ. ಸಿಎನ್‌ಆರ್ ಇಲ್ಲದೆ ಮುಂದೆ ಹೋಗಲು ಬಿಡದ ಸಾಫ್ಟ್‌ವೇರ್ ಇಲ್ಲಿಗೆ ಆಗಿಬರುವುದಿಲ್ಲ.

ಮುಂದಿನದು ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಕೊನೆಗೆ. ಒಂದು ದಾಖಲೆಯಲ್ಲಿ ಪೂರ್ತಿ ಹೆಸರಿದ್ದರೆ ಇನ್ನೊಂದರಲ್ಲಿ ಬರೀ ಇನಿಷಿಯಲ್ಸ್. ‘ಫಸ್ಟ್ ನೇಮ್, ಲಾಸ್ಟ್ ನೇಮ್’ ಎಂದು ಎರಡೇ ಖಾನೆ ಕೊಟ್ಟರೆ ಹುಡುಕಾಟ ಕೈಕೊಡುತ್ತದೆ. ಆಗ ಎದುರು ಪಕ್ಷದವರು ಹಳೆಯ ಕಕ್ಷಿದಾರರೇ ಎಂಬುದು ವಕಾಲತ್ತು ಹಾಕಿದ ಮೇಲೆ ಗೊತ್ತಾಗಬಹುದು. ಒಬ್ಬರಿಗೇ ಹಲವು ಹೆಸರು ಜೋಡಿಸುವ ಸೌಲಭ್ಯ ಇರಲೇಬೇಕು. ಹಳೆಯ ‘ನುಡಿ’ ಫಾಂಟಿನ ಫೈಲುಗಳದ್ದೂ ಇದೇ ತೊಂದರೆ. ಯೂನಿಕೋಡ್‌ಗೆ ಬದಲಿಸದೆ ಅಪ್‌ಲೋಡ್ ಮಾಡಿದರೆ ಕನ್ನಡದಲ್ಲಿ ಏನು ಹುಡುಕಿದರೂ ಸಿಗದು.

ಲಿಮಿಟೇಷನ್ (ಕೇಸ್ ದಾಖಲಿಸಲು ಇರುವ ಕಾಲಮಿತಿ) ಲೆಕ್ಕವನ್ನು ಚೆಕ್ ಬೌನ್ಸ್ ಕೇಸಿನಿಂದ ಪರೀಕ್ಷಿಸಿ. ಅಧಿಕ ವರ್ಷವಲ್ಲದ ಜನವರಿ 14ರಂದು ಎದುರಿನವರಿಗೆ ನೋಟಿಸ್ ತಲುಪಿತು ಎನ್ನಿ. ಹಣ ಕೊಡಲು ಅವರಿಗಿರುವ 15 ದಿನ 29ಕ್ಕೆ ಮುಗಿದು, ವ್ಯಾಜ್ಯಕಾರಣ (ದೂರು ಕೊಡುವ ಹಕ್ಕು) ಹುಟ್ಟುವುದು 30ಕ್ಕೆ. ದೂರು ದಾಖಲಿಸಲು ಕಾಯ್ದೆ ಹೇಳುವುದು ಒಂದು ತಿಂಗಳು, 30 ದಿನವಲ್ಲ. ಫೆಬ್ರವರಿಯಲ್ಲಿ 30ನೇ ತಾರೀಖು ಇಲ್ಲದ್ದರಿಂದ ಕೊನೆಯ ದಿನ ಫೆಬ್ರವರಿ 28. ಸಾಫ್ಟ್‌ವೇರ್ 30 ದಿನ ಕೂಡಿಸಿ ಮಾರ್ಚ್ 1 ಎಂದು ತೋರಿಸಿದರೆ ಆ ಕ್ಯಾಲ್ಕುಲೇಟರನ್ನು ನಂಬಲೇಬೇಡಿ. ಒಂದು ದಿನ ತಡವಾದರೂ ವಿಳಂಬ ಮನ್ನಾ ಅರ್ಜಿ ಹಾಕಬೇಕಾಗುತ್ತದೆ, ತಮ್ಮದಲ್ಲದ ತಪ್ಪಿಗೆ ಕಕ್ಷಿದಾರರು ಕಾಯಬೇಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ನಾಳೆಯ ಕೇಸುಗಳ ಪಟ್ಟಿ ತೆರೆಯಿರಿ. ಹೊಸ ತಾರೀಖೊಂದನ್ನು ಬರೆಯಿರಿ, ನೆಟ್ ಬಂದ ಮೇಲೆ ಕಚೇರಿಯ ಕಂಪ್ಯೂಟರಿಗೆ ಅದು ತಲುಪಿತೇ ನೋಡಿ. ಇಬ್ಬರು ಒಂದೇ ಕೇಸಿಗೆ ಬೇರೆ ಬೇರೆ ತಾರೀಖು ಬರೆದಾಗ ಸದ್ದಿಲ್ಲದೆ ಒಂದನ್ನು ಅಳಿಸುವ ಸಾಫ್ಟ್‌ವೇರಿಗಿಂತ ಪುಸ್ತಕದ ಡೈರಿಯೇ ವಾಸಿ.

ಬೆಲೆ ಕೇಳುವಾಗ ಗುಮಾಸ್ತರನ್ನೂ ಒಬ್ಬ ಯೂಸರ್ ಎಂದು ಲೆಕ್ಕ ಹಿಡಿಯುತ್ತಾರೆಯೇ ಕೇಳಿ. ಆ ಸಾಫ್ಟ್‌ವೇರ್ ಬಿಡುವಾಗ ಕೇಸ್ ಪಟ್ಟಿ ಎಕ್ಸೆಲ್‌ನಲ್ಲಿ, ದಾಖಲೆಗಳು ಕೇಸಿಗೊಂದು ಫೋಲ್ಡರಿನಲ್ಲಿ ವಾಪಸ್ ಸಿಗುತ್ತವೆ ಎಂದು ಬರಹದಲ್ಲಿ ಪಡೆಯಿರಿ. ಅದಕ್ಕೆ ಒಪ್ಪದವರಿಗೆ ಒಂದು ವರ್ಷದ ಮುಂಗಡ ಕಟ್ಟಬೇಡಿ.