ತೆಳ್ಳನೆ ಅಣಬೆಗೆ ಜೋಡಿ ಯಾವುದು: ಪಿಯರೋ, ನವಲೂರಿನ ಪೇರಲವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೇರಲಕ್ಕೆ. ಹಸಿ ಬಟನ್ ಅಣಬೆಯನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆಚ್ಚಿ, ನಡುನಡುವೆ ಹಣ್ಣಿನ ಎಸಳು ಸಿಗಿಸಿ, ಮೇಲೆ ಲಿಂಬೆರಸ, ಎಣ್ಣೆ, ಮೆಣಸಿನಪುಡಿ ಹಾಕಿ ಊಟಕ್ಕೆ ಮುಂಚೆ ಕೊಡುವ ತಟ್ಟೆ ಇದೆಯಲ್ಲ, ಅದಕ್ಕೆ ಯಾವ ವಿಡಿಯೋ ನೋಡಿದರೂ ಪಿಯರ್ ಹಣ್ಣೇ. ಆ ವಿಡಿಯೋದವರ ಊರಲ್ಲಿ ಅದು ಹಿತ್ತಲಲ್ಲಿ ಬೆಳೆಯುತ್ತದೆ. ಪಕ್ಕದ ನವಲೂರಿನಲ್ಲೇ ಪೇರಲ ಬೆಳೆಯುವಾಗ ಧಾರವಾಡದಲ್ಲಿ ಕೂತ ನಾವು ಯಾಕೆ ಅದರ ಹಿಂದೆ ಬೀಳಬೇಕು?

ಕಾರ್ಪಾಚಿಯೊ ಎನ್ನುವ ಈ ಬಗೆ ಶುರುವಾದದ್ದು ಇಟಲಿಯ ವೆನಿಸ್ಸಿನ ಹ್ಯಾರೀಸ್ ಬಾರ್‌ನಲ್ಲಿ, ಅದೂ ಹಸಿ ದನದ ಮಾಂಸದಿಂದ. ನಮ್ಮಂಥವರ ಮನೆ ಸೇರುವ ಹೊತ್ತಿಗೆ ಮಾಂಸ ಹೋಗಿ ಅಣಬೆ ಬಂದಿದೆ. ಆದರೆ ಮೇಲೆ ಪಾರ್ಮೆಸಾನ್ ಚೀಸ್ ಉದುರಿಸಿ ಎನ್ನುತ್ತಾರೆ. ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಸಸ್ಯಾಹಾರಿಗಳು ಅದನ್ನು ಬಿಡುವುದೇ ಸರಿ. ನಾನು ಹುರಿದ ಗುರೆಳ್ಳು ಉದುರಿಸುತ್ತೇನೆ. ಹಲ್ಲಿಗೆ ಸಿಕ್ಕಾಗ ಚೀಸಿನ ನೆನಪೂ ಬರುವುದಿಲ್ಲ.

ಇನ್ನು ಪಿಯರ್ ಪುರಾಣ. ನಮ್ಮ ಮನೆಯವರ ಆಫೀಸಿನವರು ಊಟಕ್ಕೆ ಬರುವವರಿದ್ದರು. ದೊಡ್ಡ ಅಂಗಡಿಯೊಂದರಲ್ಲಿ ಒಂದೊಂದಕ್ಕೂ ಸ್ಪಂಜಿನ ಬಲೆ ತೊಡಿಸಿ, ಚೀಟಿ ಅಂಟಿಸಿ ಇಟ್ಟಿದ್ದ ಹೊರದೇಶದ ಪಿಯರ್ ತಂದೆ. ಬಿಲ್ ನೋಡಿ ಇವರು ಹುಬ್ಬೇರಿಸಿದರು, ಬಾಯಿ ಬಿಡಲಿಲ್ಲ. ಹಣ್ಣು ಒತ್ತಿ ನೋಡಿದರೆ ಗಟ್ಟಿ. ಮರುದಿನವೂ ಗಟ್ಟಿ. ಅತಿಥಿಗಳು ಬರುವ ದಿನ ಸಂಜೆಯೂ ಹೊರಗೆ ಗಟ್ಟಿಯೇ, ಸಿಪ್ಪೆ ಕನ್ನಡಿಯಂತೆ ಮಿಂಚುತ್ತಿತ್ತು. ಸೀಳಿದರೆ ಬೀಜದ ಸುತ್ತ ಎರಡು ಬೆರಳಗಲ ಕಂದು ಮೆತ್ತೆ. ಚಾಕು ಹಾಕಿದಲ್ಲೆಲ್ಲ ಕುಸಿಯುತ್ತಿತ್ತು. ಎರಡನೆಯದೂ ಅಷ್ಟೇ. ಮೂರನೆಯದು ತದ್ವಿರುದ್ಧ, ಒಳಗೂ ಹೊರಗೂ ಕಾಯಿ, ಅಗಿದರೆ ಮರಳು ಮರಳು.

ಕಾರಣ ಆಮೇಲೆ ತಿಳಿಯಿತು. ಪಿಯರ್ ಹಣ್ಣಾಗುವುದು ಒಳಗಿನಿಂದ ಹೊರಕ್ಕೆ. ಹೊರಮೈ ಮೆತ್ತಗಾಗಲಿ ಎಂದು ಕಾದರೆ ಒಳಗೆ ಕಥೆ ಮುಗಿದಿರುತ್ತದೆ. ತೊಟ್ಟಿನ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತುಸು ಬಾಗಿದರೆ ಅದೇ ಹದ. ಆ ಹದವೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶನಿವಾರ ಸಂಜೆ ಆರಕ್ಕೆ ಜನ ಬರುತ್ತಾರೆಂದರೆ ಹಣ್ಣೂ ಶನಿವಾರ ಸಂಜೆ ಆರಕ್ಕೇ ಹದಕ್ಕೆ ಬರಬೇಕು. ಅಷ್ಟು ಮರ್ಜಿ ಕಾಯಲು ನನ್ನಿಂದಾಗದು.

ಸರಿಯಾದ ಪಿಯರ್ ಸಿಕ್ಕರೂ ಪಾಡು ತಪ್ಪದು. ಹೆಚ್ಚಿಟ್ಟ ಸ್ವಲ್ಪ ಹೊತ್ತಿಗೆ ಅಂಚು ಕಪ್ಪಿಡುತ್ತದೆ. ಅಣಬೆಯದೂ ಅದೇ ಗುಣ. ಎರಡರಲ್ಲೂ ಗಾಳಿ ತಾಗಿದೊಡನೆ ಬಣ್ಣ ಕೆಡಿಸುವ ಕಿಣ್ವವಿದೆ. ಒಂದೇ ತಟ್ಟೆಯಲ್ಲಿ ಇಬ್ಬರೂ ಕಂದಿದರೆ ನೋಡುವುದೇನು? ಪೇರಲದಲ್ಲಿ 100 ಗ್ರಾಮಿಗೆ ಸುಮಾರು 228 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ, ಪಿಯರಿನಲ್ಲಿ ನಾಲ್ಕರ ಆಸುಪಾಸು. ಬಣ್ಣ ಕೆಡುವುದನ್ನು ತಡೆಯುವುದು ಆ ಸಿ ಜೀವಸತ್ವವೇ. ಅಣಬೆಗೆ ಹೇಗೂ ಲಿಂಬೆರಸ ಸವರುತ್ತೇವೆ, ಪೇರಲಕ್ಕೆ ಅದೂ ಬೇಕಿಲ್ಲ.

ಪೇರಲ ಕೊಳ್ಳುವುದೂ ಸಲೀಸು. ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮೂರ ಕಾಯಿಪಲ್ಲೆ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮನೇ ಕೇಳುತ್ತಾಳೆ, “ಇವತ್ತ ತಿಂತೀರೇನ್ರಿ ಅಕ್ಕಾರ, ನಾಳಿಗೋ?” ನಾಳೆಗೆ ಎಂದರೆ ದೋರಗಾಯಿ ಆರಿಸಿ ಕೊಡುತ್ತಾಳೆ. ನಮಗೆ ಬೇಕಾದದ್ದೂ ಅದೇ. ಪೂರ್ತಿ ಹಣ್ಣಾದರೆ ಮನೆಯೆಲ್ಲ ಘಮ್ಮೆನ್ನುತ್ತದೆ, ತಟ್ಟೆಯಲ್ಲಿ ಅಣಬೆಯ ವಾಸನೆ ಸತ್ತೇ ಹೋಗುತ್ತದೆ.

ಬೀಜದ ಕಿರಿಕಿರಿ ಇದೆ, ಇಲ್ಲವೆನ್ನಲಾರೆ. ಹಣ್ಣನ್ನು ನಾಲ್ಕು ಭಾಗ ಮಾಡಿ ನಡುವಿನ ಬೀಜದ ತಿರುಳನ್ನು ಚಮಚದಿಂದ ತೆಗೆದುಬಿಡಿ. ಉಳಿದ ಗಟ್ಟಿ ಬಿಳಿ ಭಾಗವನ್ನು ಸಿಪ್ಪೆಸಮೇತ ಹೆಚ್ಚಿದರೆ ಹಸಿರು ಅಂಚಿನ ಎಸಳುಗಳು ಬರುತ್ತವೆ. ತೆಗೆದ ತಿರುಳು ಹಸಿಮೆಣಸಿನಕಾಯಿ ಜೊತೆ ಚಟ್ನಿಗೆ. ಪಿಯರಿನ ಕಂದು ಮೆತ್ತೆ ಯಾವ ಚಟ್ನಿಗೂ ಬರಲಿಲ್ಲ.

ಬೇರೆ ಹಣ್ಣುಗಳನ್ನೂ ನೋಡಿದ್ದಾಯಿತು. ದಾಳಿಂಬೆ ಅಂದ, ಆದರೆ ಕಾಳು ಉರುಳಿ ತಟ್ಟೆಯಾಚೆ. ಮೂಸಂಬಿ ರಸ ಬಿಟ್ಟು ಅಣಬೆಯನ್ನು ಮುಳುಗಿಸುತ್ತದೆ. ಆಪೂಸು? ಅದನ್ನು ಹಾಗೇ ತಿನ್ನಿ, ಅಣಬೆಗೆ ಕೊಟ್ಟು ಕೆಡಿಸಬೇಡಿ.

ಅಣಬೆಯ ವಿಷಯದಲ್ಲಿ ಜಾಗ್ರತೆ. ಟೊಪ್ಪಿಗೆ ಬಿಚ್ಚದ, ಬಿಳಿ, ಗಟ್ಟಿ ಬಟನ್ನೇ ಆಗಬೇಕು. ನೀರಲ್ಲಿ ನೆನೆಸದೆ ಒದ್ದೆ ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಚಾಕುವಿಗೆ ಚೆನ್ನಾಗಿ ಸಿಗುತ್ತದೆ. ಉಪ್ಪು ಕೊನೆಗೆ, ತಟ್ಟೆ ಮೇಜಿಗೆ ಹೋಗುವಾಗ ಮಾತ್ರ. ಅಣಬೆಯಲ್ಲಿ 90 ಪ್ರತಿಶತಕ್ಕೂ ಹೆಚ್ಚು ನೀರೇ. ಮೊದಲೇ ಉಪ್ಪು ಬಿದ್ದರೆ ಎಲ್ಲ ಹೊರಗೆ ಬರುತ್ತದೆ. ಚಿಪ್ಪಣಬೆಯನ್ನು ಹಸಿಯಾಗಿ ಕೊಡಬೇಡಿ, ಬೇಯಿಸಿಯೇ ಆಗಬೇಕು. ಮಳೆಗಾಲದಲ್ಲಿ ಹೊಲದಲ್ಲಿ ಏಳುವುದನ್ನಂತೂ ಈ ತಟ್ಟೆಗೆ ತರಲೇಬೇಡಿ. ಹಸಿ ಬಟನ್ ಕೂಡ ಎಲ್ಲರ ಹೊಟ್ಟೆಗೂ ಒಗ್ಗುವುದಿಲ್ಲ. ವಯಸ್ಸಾದವರಿಗೆ ನಾನು ಕಾದ ಹಂಚಿನ ಮೇಲೆ ಎರಡೂ ಕಡೆ ಚೆನ್ನಾಗಿ ಬಾಡಿಸಿಯೇ ಕೊಡುತ್ತೇನೆ. ನಮ್ಮ ಅತ್ತೆಯವರಿಗೆ ಆ ಚಿಂತೆಯೇ ಇಲ್ಲ. “ನಾಯಿಕೊಡಿ ನನ್ನ ತಾಟಿಗೆ ಬ್ಯಾಡವಾ” ಎಂದು ಪೇರಲದ ಎಸಳಷ್ಟೇ ಆರಿಸಿಕೊಳ್ಳುತ್ತಾರೆ.

ಎಣ್ಣೆಗೆ ಆಲಿವ್ ಹುಡುಕಬೇಕಿಲ್ಲ, ಗಾಣದ ಕುಸುಬಿ ಎಣ್ಣೆ ಸಾಕು. ಮೇಲೆ ಬ್ಯಾಡಗಿ ಮೆಣಸಿನಕಾಯಿ ಹುರಿದು ಕೈಯಲ್ಲೇ ಪುಡಿ ಮಾಡಿ ಹಾಕಿ. ಕೆಂಪು ಬಣ್ಣ ಬಿಳಿ ಅಣಬೆಯ ಮೇಲೆ ಎದ್ದು ಕಾಣುತ್ತದೆ, ಖಾರವೂ ಮಿತಿಯಲ್ಲಿರುತ್ತದೆ.

ಒಂದು ಪಿಯರಿನ ದುಡ್ಡಿಗೆ ನನಗೆ ಒಂದು ಕಿಲೋ ಪೇರಲ ಬರುತ್ತದೆ. ಅದೂ ಸಂಜೆ ಕಾಯಿಪಲ್ಲೆ ತರುವಾಗ, ಬೇರೆ ಅಂಗಡಿಗೆ ಹೋಗದೆ. ಮಳೆಗಾಲದ ಹಣ್ಣು ಸ್ವಲ್ಪ ಸಪ್ಪೆ, ಚಳಿಗಾಲದ ಬೆಳೆ ಗಟ್ಟಿ ಮತ್ತು ಸಿಹಿ. ಹಾಗಾಗಿ ನವೆಂಬರಿನಿಂದ ಫೆಬ್ರವರಿವರೆಗೆ ಮನೆಗೆ ಯಾರು ಬಂದರೂ ಇದೇ ತಟ್ಟೆ. ಬೇಸಿಗೆಯಲ್ಲಿ ಬಂದವರಿಗೆ ಮಂಡಕ್ಕಿ, ಮಿರ್ಚಿ.