ಧೂಳಿನ ಡಬ್ಬಕ್ಕೆ ಹಳೆ ಡ್ರಮ್ ತರುವವರೇ, ಮೊದಲು ಗ್ಯಾಸ್ಕೆಟ್ ಬಿಚ್ಚಿ ನೋಡಿ

ಮನೆಯಲ್ಲೇ ಮರಗೆಲಸ ಮಾಡುವವರಿಗೆ ಸೈಕ್ಲೋನ್ (ಧೂಳಿನ ಗಾಳಿಯನ್ನು ಗಿರಗಿರ ಸುತ್ತಿಸಿ, ಫಿಲ್ಟರ್ ಮುಟ್ಟುವ ಮೊದಲೇ ಪುಡಿಯನ್ನು ಕೆಳಕ್ಕೆ ಬೀಳಿಸುವ ಸಾಧನ) ಕೂರಿಸಿದ ಮೇಲೆ ಅದರ ಕೆಳಗಿಡಲು ಒಂದು ಡಬ್ಬ ಬೇಕಾಗುತ್ತದೆ. ಹೊಸ ಡ್ರಮ್ ದುಬಾರಿ. ಗುಜರಿಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಅಗ್ಗಕ್ಕೆ ಸಿಗುತ್ತದೆ. ಅಂಥದ್ದೊಂದು ನನ್ನ ಕೈಗೂ ಬಂತು. ಅದರಲ್ಲಿ ಮೊದಲು ಏನಿತ್ತು ಅಂತ ಗೊತ್ತಾದಾಗ ನಿಜಕ್ಕೂ ಹೆದರಿಕೆಯಾಯಿತು. ಇನ್ನೊಬ್ಬರಿಗೆ ಹೀಗಾಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ವಿಚಾರಿಸಿಯೇ ತಂದಿದ್ದೆ. 'ಹಣ್ಣಿನ ರಸದ ಡ್ರಮ್, ತೊಳೆದು ಒಣಗಿಸಿದ್ದೇವೆ' ಅಂದರು. ಒಳಗೆ ಬಗ್ಗಿ ನೋಡಿದರೆ ಚೊಕ್ಕವಾಗಿತ್ತು, ವಾಸನೆಯೂ ಇರಲಿಲ್ಲ. ಬಾಯಿ ಅಗಲವಾಗಿತ್ತು. ಮುಚ್ಚಳ ಬಿಗಿಯಲು ಲಿವರ್ ಇರುವ ಕಬ್ಬಿಣದ ರಿಂಗ್ ಇತ್ತು. ಧೂಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಹೊರಗಿನ ಲೇಬಲ್ ಮಾತ್ರ ಯಾರೋ ಕೆರೆದು ತೆಗೆದಿದ್ದರು.

ಕೆಲಸ ಶುರುವಾದ ಮೇಲೆ ಫಿಲ್ಟರ್ ಬೇಗ ಬೇಗ ಕಟ್ಟಿಕೊಳ್ಳತೊಡಗಿತು. ಡ್ರಮ್‌ನಲ್ಲಿ ದಪ್ಪ ಹೊಟ್ಟು ಮಾತ್ರ ಬೀಳುತ್ತಿತ್ತು, ನಯವಾದ ಪುಡಿಯೆಲ್ಲ ಫಿಲ್ಟರ್‌ಗೆ ಹೋಗುತ್ತಿತ್ತು. ಇದು ಕೆಳಗಿನ ಡಬ್ಬ ಗಾಳಿ ಎಳೆಯುತ್ತಿರುವ ಲಕ್ಷಣ. ಸೈಕ್ಲೋನ್‌ನಲ್ಲಿ ಸುತ್ತುವ ಗಾಳಿಯ ನಡುಭಾಗದಲ್ಲಿ ಒತ್ತಡ ಎಲ್ಲಕ್ಕಿಂತ ಕಡಿಮೆ. ಮುಚ್ಚಳದಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಹೊರಗಿನ ಗಾಳಿ ನುಗ್ಗುತ್ತದೆ. ಬಿದ್ದ ಪುಡಿಯನ್ನು ಮತ್ತೆ ಮೇಲಕ್ಕೆ ಹೊತ್ತೊಯ್ಯುತ್ತದೆ. ಡ್ರಮ್ ಎಷ್ಟೇ ದೊಡ್ಡದಿರಲಿ, ಸೀಲ್ ಸರಿಯಿಲ್ಲದಿದ್ದರೆ ಸೈಕ್ಲೋನ್ ಇದ್ದೂ ಪ್ರಯೋಜನವಿಲ್ಲ.

ಸೀಲ್ ನೋಡೋಣ ಅಂತ ಮುಚ್ಚಳದ ಗ್ಯಾಸ್ಕೆಟ್, ಅಂದರೆ ಗಾಳಿ ಸೋರದಂತೆ ಅಂಚಿಗೆ ಕೂರಿಸಿದ ಮೆತ್ತನೆಯ ಬಳೆಯನ್ನು ಎಬ್ಬಿದೆ. ಅದು ಕೂರುವ ತೋಡಿನಲ್ಲಿ ಬಿಳಿ ಗಂಟು ಗಂಟು ಪುಡಿ ಕೂತಿತ್ತು. ಮೂಗಿಗೆ ಈಜುಕೊಳದ ಘಾಟು ಬಡಿಯಿತು. ಡ್ರಮ್ಮನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಲೇಬಲ್ ಇದ್ದ ಜಾಗ ನೋಡಿದೆ. ಹಳದಿ ವಜ್ರಾಕಾರದ ಒಂದು ಮೂಲೆ, ಅದರಲ್ಲಿ 5.1 ಅನ್ನುವ ಅಂಕಿ, ಪಕ್ಕದಲ್ಲಿ ಮಾಸಿದ 1748 ಕಂಡಿತು. ಅದು ಅಪಾಯದ ಸರಕುಗಳನ್ನು ಗುರುತಿಸುವ ವಿಶ್ವಸಂಸ್ಥೆಯ (ಯುಎನ್) ಸಂಖ್ಯೆ. ಯುಎನ್ 1748 ಅಂದರೆ ಒಣ ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಈಜುಕೊಳದ ನೀರಿಗೆ ಹಾಕುವ ಕ್ಲೋರಿನ್ ಪುಡಿ. 5.1 ಅಂದರೆ ಆಕ್ಸಿಡೈಸರ್. ತಾನು ಉರಿಯದಿದ್ದರೂ ಬೇರೆಯದನ್ನು ಉರಿಸುವ ವಸ್ತು ಅದು. ಮರದ ಪುಡಿ, ಎಣ್ಣೆ, ಬಟ್ಟೆಯಂಥವುಗಳ ಜೊತೆ ಬೆರೆತರೆ ಕಿಡಿಯೇ ಇಲ್ಲದೆ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಅಂಥ ಡ್ರಮ್ಮಿಗೆ ನಾನು ದಿನವೂ ಒಣ ಹೊಟ್ಟು ತುಂಬುತ್ತಿದ್ದೆ!

ಮಾರಿದವರಿಗೆ ಫೋನ್ ಮಾಡಿದರೆ 'ಇನ್ನೊಂದ್ಸಲ ತೊಳ್ಕೊಳ್ಳಿ, ಏನೂ ಆಗಲ್ಲ' ಅಂದರು. ವಾಪಸ್ ತಗೊಳ್ಳಲಿಲ್ಲ. ಬೆಂಕಿಗೆ ದಾರಿ ಮಾಡುವ ವಸ್ತುವನ್ನು ಹಣ್ಣಿನ ರಸ ಅಂತ ಮಾರುವುದು ಸಣ್ಣ ಸುಳ್ಳಲ್ಲ. ದುಡ್ಡು ಹೋದದ್ದಕ್ಕಿಂತ ಆ ಮಾತಿಗೇ ನನಗೆ ಸಿಟ್ಟು ಬಂದದ್ದು. ಕೊನೆಗೆ ಡ್ರಮ್ಮನ್ನೂ ಹೊಟ್ಟನ್ನೂ ಹೊರಗೆ ಬಯಲಲ್ಲಿಟ್ಟು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿದೆ. ನಿಮಗೂ ಹೀಗೆ ಬಿಳಿ ಪುಡಿ ಸಿಕ್ಕರೆ ಆಸಿಡ್ ಇರುವ ಕ್ಲೀನರ್‌ನಿಂದ ಯಾವ ಕಾರಣಕ್ಕೂ ತೊಳೆಯಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ಹಳೆ ಡ್ರಮ್ ನೋಡಲು ಹೋದಾಗ ಮೈಮೇಲೆ ಅಚ್ಚೊತ್ತಿದ ಗುರುತು ಹುಡುಕಿ. ವೃತ್ತದಲ್ಲಿ ಯುಎನ್ ಚಿಹ್ನೆ, ಆಮೇಲೆ 1ಎಚ್2 ಅಂತ ಇದ್ದರೆ ಮುಚ್ಚಳ ತೆಗೆಯಲು ಬರುವ ಪ್ಲಾಸ್ಟಿಕ್ ಡ್ರಮ್. 1ಎ2 ಇದ್ದರೆ ಅಂಥದ್ದೇ ಉಕ್ಕಿನದು. 1ಜಿ ಅಂದರೆ ಫೈಬರ್, ಅಂದರೆ ದಪ್ಪ ರಟ್ಟಿನ ಡ್ರಮ್. ಈ ಗುರುತು ಒಳಗೆ ಏನಿತ್ತು ಅಂತ ಹೇಳುವುದಿಲ್ಲ. ಆದರೆ ಅಪಾಯದ ಸರಕು ಸಾಗಿಸಲು ತಕ್ಕ ಡ್ರಮ್ ಅಂತ ಹೇಳುತ್ತದೆ. ತಿನ್ನುವ ಪದಾರ್ಥಕ್ಕೆ ಈ ಗುರುತು ಬೇಕೇ ಇಲ್ಲ. ಹಾಗಾಗಿ ಗುರುತೂ ಇದ್ದು, ಲೇಬಲ್ಲೂ ಕೆರೆದಿದ್ದರೆ, ಮಾರುವವರು ಏನೇ ಹೇಳಲಿ, ಬಿಟ್ಟು ಬನ್ನಿ.

ಇನ್ನೊಂದು ಮಾತು, ಇದು ಜೀವದ ವಿಷಯ. ಬಾಯಿ ಚಿಕ್ಕದಿರುವ ಉಕ್ಕಿನ ಡ್ರಮ್ ಇನ್ನೂ ಅಗ್ಗ ಅಂತ ತಂದು, ಮೇಲ್ಭಾಗವನ್ನು ಗ್ರೈಂಡರ್‌ನಲ್ಲಿ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಥಿನ್ನರ್, ಪೆಟ್ರೋಲ್‌ನಂಥದ್ದು ಇದ್ದ ಡ್ರಮ್ ಖಾಲಿಯಾದ ಮೇಲೂ ಒಳಗೆ ಆವಿ ಉಳಿದಿರುತ್ತದೆ. ಆವಿಯೂ ಗಾಳಿಯೂ ಬೆರೆತಲ್ಲಿಗೆ ಕಿಡಿ ಬಿದ್ದರೆ ಡ್ರಮ್ ಸಿಡಿಯುತ್ತದೆ. ಈ ರೀತಿ ಸತ್ತವರಿದ್ದಾರೆ. ಸುಮ್ನೆ ನೀರು ಹಾಕಿ ಕುಲುಕಿದರೆ ಸಾಲದು.

ಹಾಗಾದರೆ ಹೊಸ ಕಸದ ಡಬ್ಬ ತರೋಣ ಅಂತ ಅನ್ನಿಸುತ್ತದೆ ಅಲ್ವಾ? ಅಲ್ಲಿ ತೊಂದರೆ ಬೇರೆ. ಶಾಪ್ ವ್ಯಾಕ್ಯೂಮ್, ಅಂದರೆ ಕೆಲಸದ ಜಾಗದ ಧೂಳು ಹೀರುವ ಚಿಕ್ಕ ಯಂತ್ರದ ಪೈಪ್ ಪೂರ್ತಿ ಕಟ್ಟಿಕೊಂಡರೆ ಒಳಗಿನ ಹೀರಿಕೆ ಸುಮಾರು 20 ಕಿಲೋಪ್ಯಾಸ್ಕಲ್ ಮುಟ್ಟಬಹುದು. 40 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಅದು 250 ಕಿಲೋ ತೂಕ ಇಟ್ಟ ಹಾಗೆ. ತೆಳು ಡಬ್ಬ ಕ್ಷಣದಲ್ಲಿ ಒಳಕ್ಕೆ ಕುಸಿಯುತ್ತದೆ, ಚೌಕದ್ದಾದರೆ ಇನ್ನೂ ಬೇಗ. ಧೂಳೆಳೆಯಲು ಫ್ಯಾನ್ ಇರುವ ದೊಡ್ಡ ಬ್ಲೋವರ್‌ನ ಹೀರಿಕೆ ಇದಕ್ಕಿಂತ ತುಂಬ ಕಡಿಮೆ, 2.5 ಕಿಲೋಪ್ಯಾಸ್ಕಲ್ ಆಸುಪಾಸು. ಅಲ್ಲಿ ಅದೇ ಮುಚ್ಚಳಕ್ಕೆ ಬೀಳುವುದು 30 ಕಿಲೋ ಚಿಲ್ಲರೆ. ಅಂದರೆ ಬ್ಲೋವರ್‌ಗೆ ತಡೆಯುವ ಡಬ್ಬ ವ್ಯಾಕ್ಯೂಮ್‌ಗೂ ತಡೆಯುತ್ತದೆ ಅಂತ ನಂಬಬೇಡಿ. ದುಂಡನೆಯ ದಪ್ಪ ಬಕೆಟ್ ಆದರೆ ಒಂದರೊಳಗೆ ಒಂದನ್ನು ಕೂರಿಸಿ, ಇಲ್ಲವೇ ಒಳಗೆ ಪ್ಲೈವುಡ್ ಬಳೆ ಹೊಡೆಯಿರಿ. ಹೀರಿಕೆ ಜಾಸ್ತಿಯಾದಾಗ ತಾನೇ ತೆರೆಯುವ ರಿಲೀಫ್ ವಾಲ್ವ್ ಇದ್ದರೆ ಮತ್ತೂ ಒಳ್ಳೆಯದು.

ಸೀಲ್ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕಣ್ಣಿಗೆ ಕಾಣದ ನಯವಾದ ಪುಡಿಯೇ ಶ್ವಾಸಕೋಶದ ಆಳಕ್ಕೆ ಇಳಿಯುವುದು.

ಈಗ ನನ್ನ ಬ್ಲೋವರ್‌ನ ಸೈಕ್ಲೋನ್ ಕೆಳಗಿರುವುದು ರಟ್ಟಿನ ಡ್ರಮ್. ಅದನ್ನು ಮೊದಲು ಬಳಸಿದವರಿಂದಲೇ ನೇರವಾಗಿ ತಂದೆ. ಲೇಬಲ್ ಪೂರ್ತಿ ಇತ್ತು, ಒಳಗಿದ್ದದ್ದು ಮೆಕ್ಕೆಜೋಳದ ಹಿಟ್ಟು. ಬೆಲೆ ಆ ನೀಲಿ ಡ್ರಮ್ಮಿಗಿಂತ ಹೆಚ್ಚೇನಲ್ಲ. ಗ್ಯಾಸ್ಕೆಟ್ ಹೊಸದು ಹಾಕಿದೆ. ಬ್ಲೋವರ್ ಓಡಿಸಿ, ಪೈಪ್‌ಗಳಲ್ಲಿ ಗಾಳಿ ತಡೆಯುವ ಗೇಟುಗಳನ್ನೆಲ್ಲ ಮುಚ್ಚಿ, ಟಿಶ್ಯೂ ಕಾಗದದ ತೆಳು ಪಟ್ಟಿಯನ್ನು ರಿಂಗ್ ಸುತ್ತ ನಿಧಾನವಾಗಿ ಹಿಡಿದು ನೋಡಿ. ಪಟ್ಟಿ ಎಲ್ಲಿ ಒಳಕ್ಕೆ ಬಾಗುತ್ತದೋ ಅಲ್ಲೇ ಸಂದಿ ಇರುವುದು. ಅಲ್ಲಿಗೆ ಫೋಮ್ ಟೇಪ್ ಅಂಟಿಸಿ, ಬ್ಲೋವರ್ ಓಡಿಸಿ ಮತ್ತೆ ಪಟ್ಟಿ ಹಿಡಿಯಿರಿ.